ಪೊಳ್ಳು ಗೋಡೆಗೆ ಫೋಮ್ ಬೇಡ

ಕರೆನ್, ನೈರೋಬಿ
೧೪ ಜುಲೈ ೨೦೨೪

ಸೌತ್ ಸಿ ಬಡಾವಣೆಯ ಫ್ಲ್ಯಾಟಿನಲ್ಲಿ ಬೆಚ್ಚಗಿರುವ ಪುರುಷೋತ್ತಮರಿಗೆ,

ನಿರುಪಮಾ ಮಾಡುವ ನಮಸ್ಕಾರ. ಇಲ್ಲಿ ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವಷ್ಟು ದೊಡ್ಡ ಮನಸ್ಸು ಇಲ್ಲಿನ ಈ ಜುಲೈ ಚಳಿಯಲ್ಲಿ ಬರುತ್ತಿಲ್ಲ.

ಚಳಿ, ಒದ್ದೆ ತಡೆಯಲೆಂದು ಗೋಡೆಯೊಳಗೆ ಫೋಮ್ ತುಂಬಲು ನೀವು ಕಳಿಸಿದ ಇಂಡಸ್ಟ್ರಿಯಲ್ ಏರಿಯಾದ ಕಂಪನಿಯವರು ಬಂದಿದ್ದರು. ಮನೆ ಇಬ್ಬರ ಹೆಸರಿನಲ್ಲಿದೆಯಲ್ಲ, ನನ್ನ ಸಹಿಯೂ ಬೇಕಂತೆ. ಚಹಾ ಕೊಟ್ಟು, ಇಲ್ಲಿಯವರ ಭಾಷೆಯಲ್ಲೇ ಅಸಾಂಟೆ, ಧನ್ಯವಾದ ಅಂದು, ಸಹಿ ಹಾಕದೆ ಕಳಿಸಿದೆ. ಯಾಕೆಂದು ಕೇಳಿ.

ಈ ಹಳೇ ಮನೆ ಕಟ್ಟಿಸಿದ ಬ್ರಿಟಿಷ್ ಮಹಾಶಯ ಎರಡೆರಡು ಗೋಡೆ ಎಬ್ಬಿಸಿ ನಡುವೆ ಮೂರು ಬೆರಳಿನಷ್ಟು ಸಂದಿ ಬಿಟ್ಟಿದ್ದ. ಹೊರಗೋಡೆ ಕುಡಿದ ಮಳೆನೀರು ಸಂದಿಯಲ್ಲಿಳಿದು ಬುಡದ ತೂತುಗಳಿಂದ ಹೊರಗೆ ಹೋಗಲಿ ಅಂತ. ನೀವೇನು ಮಾಡಿದಿರಿ? ಮನೆ ಕೊಂಡ ವರ್ಷ ಬೆಂಗಳೂರಿನ ವಾಸ್ತು ಪಂಡಿತರಿಗೆ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಆರತಿ ತಟ್ಟೆಯಂತೆ ಹಿಡಿದು ಮನೆಗೆ ಪ್ರದಕ್ಷಿಣೆ ಹಾಕಿದಿರಿ. ಈಶಾನ್ಯದ ಗೋಡೆಯಲ್ಲಿ ತೂತಿದ್ದರೆ ಲಕ್ಷ್ಮಿ ಸೋರಿಹೋಗುತ್ತಾಳೆ ಅಂದರು ಆ ಮಹಾನುಭಾವರು. ಮರುದಿನವೇ ಸಿಮೆಂಟು ಮೆತ್ತಿಸಿದಿರಿ. ಬ್ಯಾಂಕಿನಲ್ಲಿ ಊರವರ ಸಾಲದ ಅರ್ಜಿಯನ್ನೆಲ್ಲ ಅನುಮಾನದಿಂದ ನೋಡುವ ಮನುಷ್ಯ! ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಲಕ್ಷ್ಮಿ ನಿಂತಳೋ ಇಲ್ಲವೋ, ನೀರಂತೂ ನಿಂತಿತು. ಆ ಗೋಡೆಗೆ ತಲೆಯಿಟ್ಟು ಮಲಗುತ್ತಿದ್ದವರು ನಿಮ್ಮ ಅಮ್ಮ. ನನಗೆ ನೆಮ್ಮದಿ ಬೇಕು ಅಂತ ನೀವು ಸೂಟ್‌ಕೇಸ್ ಎಳೆದುಕೊಂಡು ಹೊರಟಾಗ ಒಯ್ಯಲು ಮರೆತಿರಲ್ಲ, ಅವರೇ. ಮೇ ತಿಂಗಳ ಮಳೆಯಲ್ಲಿ ಹತ್ತಿದ ಕೆಮ್ಮು ಬಿಟ್ಟಿರಲಿಲ್ಲ. ಇನ್ನೊಂದು ಸಲ ನ್ಯುಮೋನಿಯಾ ಆದರೆ ಜೀವಕ್ಕೇ ಅಪಾಯ, ಕೋಣೆ ಒಣಗಿರಲೇಬೇಕು ಅಂತ ಡಾಕ್ಟರು ಹೇಳಿದ್ದನ್ನು ನಿಮಗೂ ತಿಳಿಸಿದ್ದೆ. ನೀವು ಸೋಫಾದಿಂದ ಏಳದೆ ಯೂಟ್ಯೂಬ್ ನೋಡಿ ಫೋಮ್ ಅಂದಿರಿ. ಒಮ್ಮೆಯಾದರೂ ಬಂದು ಗೋಡೆ ಮುಟ್ಟಿ ನೋಡಲಿಲ್ಲ.

ಕಂಪನಿಯವರು ಹೋದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಒಂದು ತೂತಿನ ಸಿಮೆಂಟನ್ನು ನಾನೇ ಕುಟ್ಟಿ ಕೆಡವಿದೆ. ಕಂದು ನೀರು ಬುಳಬುಳನೆ ಬಂದು ಪಾದ ನೆನೆಯಿತು. ಥೂ, ಏನು ನಾತ! ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ಅತ್ತೆ, ಇಷ್ಟು ದಿನ ಇದಕ್ಕೆ ತಲೆ ಕೊಟ್ಟು ಮಲಗ್ತಿದ್ನೇನೇ ಅಂತ ಕೇಳಿದರು. ಸಿಟ್ಟಿಗೆ ನನಗೆ ಅಳುವೇ ಬಂತು. ಇದರ ಮೇಲೆ ಫೋಮ್ ತುಂಬಿದ್ದರೆ ಒದ್ದೆಯೆಲ್ಲ ಅಲ್ಲೇ ಕೂತು ಒಳಗೋಡೆಗೆ ದಾಟುತ್ತಿತ್ತು. ಕೀವು ತೆಗೆಯದೆ ಪಟ್ಟಿ ಕಟ್ಟಿದ ಹಾಗೆ.

ಆದ್ದರಿಂದ ಫೋಮ್ ಇಲ್ಲ. ಎಲ್ಲ ತೂತುಗಳನ್ನೂ ತೆರೆದಿದ್ದೇನೆ. ಜನವರಿಯ ಬಿಸಿಲಿಗೆ ಗೋಡೆ ಒಣಗಿದ ಮೇಲೆ ತುಂಬಬೇಕೋ ಬೇಡವೋ ನಾನು ಯೋಚಿಸುತ್ತೇನೆ. ನಿಮ್ಮ ಪಂಡಿತರಿಗೂ ತಿಳಿಸಿಬಿಡಿ: ಲಕ್ಷ್ಮಿ ಸೋರಿದರೆ ಬಕೆಟ್ ಇಟ್ಟು ಹಿಡಿಯುತ್ತೇನೆ.

ಇತಿ,
ಕಾಗದದ ಮೇಲೆ ಇನ್ನೂ ನಿಮ್ಮ ಹೆಂಡತಿಯಾಗಿರುವ
ನಿರುಪಮಾ

ತಾ. ಕ.: ಅತ್ತೆಯನ್ನು ನನ್ನ ಕೋಣೆಗೆ ಕರೆತಂದಿದ್ದೇನೆ. ಮಂಚದಲ್ಲಿ ನಿಮ್ಮ ಜಾಗದಲ್ಲೇ ಮಲಗುತ್ತಾರೆ. ಕೆಮ್ಮು ಇಳಿದಿದೆ. ಗೋಡೆ ಒಣಗಿದರೂ ನಾನು ಇಲ್ಲೇ ಇರ್ತೀನಿ ಅಂದರು, ನಾನೂ ಬೇಡ ಅನ್ನಲಿಲ್ಲ. ಪಕ್ಕದಲ್ಲಿ ಒಬ್ಬರ ಉಸಿರಿನ ಸದ್ದಿಲ್ಲದೆ ನನಗೆ ಇಷ್ಟು ತಿಂಗಳು ಹೆದರಿಕೆಯಾಗುತ್ತಿತ್ತು, ನಿಮಗೆ ಹೇಳಿರಲಿಲ್ಲ. ಈಗ ನಿದ್ದೆ ಬರುತ್ತಿದೆ. ಕಪಾಟಿನಲ್ಲಿದ್ದ ನಿಮ್ಮ ಕೋಟುಗಳನ್ನೆಲ್ಲ ಆ ಒದ್ದೆ ಕೋಣೆಗೆ ಸಾಗಿಸಿದ್ದೇನೆ. ಬೂಸಲು ಹಿಡಿಯುವ ಮೊದಲು ಬಂದು ಒಯ್ಯಿರಿ.