ಮೆಟ್ಟಿಲ ಬಾಗಿಲಲ್ಲಿ ಒಂದು ಚಪ್ಪಲಿ

ಶುಕ್ರವಾರ, ಬೆಳಿಗ್ಗೆ

ನಮ್ಮ ನಾಲ್ಕನೇ ಮಹಡಿಯ ಚಕ್ರವರ್ತಿನಿಗೆ,

ಗಾಲಿಕುರ್ಚಿಯಲ್ಲಿ ಈ ಕಚೇರಿಗೆ ಬಂದ ಮೊದಲ ದಿನವೇ ಈ ಬಿರುದನ್ನು ನಿಮಗೆ ನೀವೇ ಕೊಟ್ಟುಕೊಂಡಿರಿ. ಇವತ್ತು ಹಾಗೆ ಕರೆಯುವ ಯೋಗ್ಯತೆ ನನಗಿಲ್ಲ. ಆದರೆ ಬೇರೆ ಹೇಗೆ ಕರೆದರೂ ಪರಿಚಯವೇ ಇಲ್ಲದವರಿಗೆ ಬರೆದಂತೆ ಆಗುತ್ತದೆ.

ಸೋಮವಾರ ಚಹಾ ಕೋಣೆಯ ವೈರಿಗೆ ಬೆಂಕಿ ಹತ್ತಿ ಅಪಾಯದ ಗಂಟೆ ಹೊಡೆದಾಗ ನೀವು ಮೆಟ್ಟಿಲ ಬಾಗಿಲಿಗೆ ಬಂದು ಕಾದಿರಿ. ನಾನು ಬಂದು, ಗೋಡೆಗೆ ನೇತುಹಾಕಿದ ಇಳಿಕುರ್ಚಿಯನ್ನು ಬಿಚ್ಚಿ, ನಿಮ್ಮನ್ನು ಅದರಲ್ಲಿ ಕೂರಿಸಿ ಕೆಳಗೆ ತರಬೇಕಿತ್ತು. ಆ ಯೋಜನೆಯನ್ನು ಬರೆದವನೂ ನಾನೇ. ನಾನು ಬರಲಿಲ್ಲ. ಹೊಗೆ ತುಂಬುತ್ತಿದ್ದಾಗ ಕಾವಲುಗಾರ ನಿಮ್ಮನ್ನು ಹೆಗಲಿಗೆ ಹಾಕಿಕೊಂಡು ಇಳಿದ. ಏನೇ ಆಗಲಿ, ನನ್ನನ್ನ ಮೂಟೆ ಥರ ಮಾತ್ರ ಹೊರಬೇಡಿ ಅಂತ ಆ ಯೋಜನೆಗೆ ನೀವು ಒಂದೇ ಒಂದು ಷರತ್ತು ಹಾಕಿದ್ದಿರಿ. ಇಡೀ ಕಚೇರಿ ಅಂಗಳದಲ್ಲಿ ನಿಂತು ಅದನ್ನೇ ನೋಡಿತು.

ನಾನು ಹಿಂದಿನ ಮೆಟ್ಟಿಲಿಂದ ಇಳಿದು ಬಂದದ್ದನ್ನು ನೋಡಿ ಎಲ್ಲರೂ ನಾನು ಓಡಿಹೋಗಿದ್ದೆ ಅಂದುಕೊಂಡರು. ಮರುದಿನ ನೀವು ನನ್ನ ಮೇಜಿನ ಹತ್ತಿರ ಬಂದು, ಹೆದರಿಬಿಟ್ರಾ ಎಂದು ಕೇಳಿದಿರಿ. ಹೌದೆಂದು ತಲೆಯಾಡಿಸಿದೆ. ಹೆದರಿಕೆ ಯಾರಿಗಿಲ್ಲ ಬಿಡಿ, ಅಂದಿರಿ. ನಿಮ್ಮ ಆ ಕ್ಷಮೆಯನ್ನು ಕದ್ದ ಮಾಲಿನಂತೆ ಜೇಬಿಗಿಳಿಸಿಕೊಂಡೆ.

ನಾನು ಹೆದರಿರಲಿಲ್ಲ. ನನಗೆ ಗಂಟೆ ಕೇಳಿಸಲಿಲ್ಲ.

ಕಡತದ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಹಳೆಯ ನಕ್ಷೆಗಳನ್ನು ಹುಡುಕುತ್ತಿದ್ದೆ. ಹೊರಗೆ ಬಂದಾಗ ಕುರ್ಚಿಗಳೆಲ್ಲ ಖಾಲಿ. ಬಿದ್ದೆನೋ ಎದ್ದೆನೋ ಎಂದು ಮೆಟ್ಟಿಲ ಬಾಗಿಲಿಗೆ ಓಡಿದೆ. ಅಲ್ಲಿ ನಿಮ್ಮ ಗಾಲಿಕುರ್ಚಿ ಇತ್ತು, ಒಂದು ಚಪ್ಪಲಿ ಇತ್ತು, ನೀವಿರಲಿಲ್ಲ. ಚಪ್ಪಲಿಯನ್ನು ಅಂಗಿಯೊಳಗೆ ಅಡಗಿಸಿಕೊಂಡು, ಹೊಗೆ ತುಂಬಿದ ಆ ಮೆಟ್ಟಿಲು ಬಿಟ್ಟು ಹಿಂದಿನದರಿಂದ ಇಳಿದೆ. ಅದನ್ನು ತೋರಿಸಿದ್ದರೆ ಅಷ್ಟು ತಡವಾಗಿ ಅಲ್ಲಿಗೆ ಯಾಕೆ ಹೋದೆ ಎಂದು ಯಾರಾದರೂ ಕೇಳುತ್ತಿದ್ದರು. ಹೇಡಿ ಅನ್ನಿಸಿಕೊಂಡರೂ ಸರಿ, ಕಿವುಡ ಅನ್ನಿಸಿಕೊಳ್ಳಬಾರದು ಅನ್ನುವ ಲೆಕ್ಕ ನನ್ನದು. ಎಂಥ ಲೆಕ್ಕ ನೋಡಿ!

ಬೆಂಕಿಯ ಅಣಕು ಅಭ್ಯಾಸದ ದಿನ ಎಲ್ಲರಿಗಿಂತ ಮೊದಲು ಏಳುತ್ತಿದ್ದವನು ನಾನೇ ಅಲ್ಲವೇ ಎಂದು ನೀವು ಕೇಳಬಹುದು. ಗಂಟೆ ಎಷ್ಟು ಹೊತ್ತಿಗೆ ಬಾರಿಸಬೇಕೆಂದು ಗೊತ್ತುಮಾಡುತ್ತಿದ್ದವನೂ ನಾನೇ. ಗಡಿಯಾರ ನೋಡಿಕೊಂಡು ಏಳುತ್ತಿದ್ದೆ. ಸಹಾಯ ಬೇಕಾದವರು ನಾಚಿಕೆ ಬಿಟ್ಟು ಹೇಳಿ ಎಂದು ಸಭೆಯಲ್ಲಿ ಉಪದೇಶವನ್ನೂ ಮಾಡುತ್ತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ನೀವೆಲ್ಲ ನನ್ನನ್ನು ಜಾಣಕಿವುಡ ಎಂದು ರೇಗಿಸಿದಾಗ ಒಳಗೊಳಗೇ ಬದುಕಿದೆ ಅಂದುಕೊಳ್ಳುತ್ತಿದ್ದೆ.

ಇವತ್ತು ಮಧ್ಯಾಹ್ನದ ಸಭೆಯಲ್ಲಿ ನಿಮ್ಮನ್ನು ನಕ್ಷೆಯ ಮೇಜಿನಿಂದ ಎಬ್ಬಿಸಿ ಕೆಳಗಿನ ವಿಚಾರಣೆ ಕಿಟಕಿಗೆ ಹಾಕುವ ತೀರ್ಮಾನ ಆಗಲಿದೆ. ನಿಮ್ಮ ಸುರಕ್ಷತೆಗೇ ಅಂತೆ. ಇಷ್ಟು ವರ್ಷ ನಕ್ಷೆ ಬರೆದ ಕೈ ಬಂದವರಿಗೆ ಚೀಟಿ ಹರಿದುಕೊಡಬೇಕಂತೆ. ತಪ್ಪು ನನ್ನದು, ಎಬ್ಬಿಸುವುದು ನಿಮ್ಮನ್ನು. ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳುತ್ತೇನೆ. ಆದರೆ ಎಲ್ಲರಿಗಿಂತ ಮೊದಲು ನಿಮಗೆ ತಿಳಿಯಬೇಕಿತ್ತು.

ಮಗಳು ತಂದುಕೊಟ್ಟ ಶ್ರವಣಯಂತ್ರ ಇಷ್ಟು ದಿನ ಖಾನೆಯಲ್ಲಿ ಮಲಗಿತ್ತು. ಇವತ್ತು ಹಾಕಿಕೊಂಡು ಬಂದಿದ್ದೇನೆ. ಈಗಷ್ಟೇ ನೀವು ನನ್ನ ಬಾಗಿಲ ಮುಂದೆ ಹಾದುಹೋದಿರಿ. ಬಲಗಾಲಿ ಕಿರುಗುಟ್ಟಿತು. ಎಣ್ಣೆ ಹಾಕಿಸಿಕೊಡಿ ಎಂದು ನೀವು ಕೇಳಿದಾಗಲೆಲ್ಲ, ಸದ್ದೇ ಇಲ್ಲವಲ್ಲ ಎಂದು ನಿಮ್ಮ ಜೊತೆ ವಾದಕ್ಕೆ ಇಳಿಯುತ್ತಿದ್ದೆ. ಕ್ಷಮಿಸಿ ಎಂದು ಕೇಳಲಾರೆ. ಒಮ್ಮೆ ಸುಳ್ಳು ಹೇಳಿ ನಿಮ್ಮ ಕ್ಷಮೆಯನ್ನು ಪಡೆದಾಗಿದೆ.

ಇತಿ,
ಜಾಣನಲ್ಲದ, ಬರೀ ಕಿವುಡ,
ನಿಮ್ಮ ಮಹಡಿಯ ಮೇಲ್ವಿಚಾರಕ

ತಾ.ಕ.: ಚಪ್ಪಲಿಯನ್ನು ಇದರ ಜೊತೆ ಇಟ್ಟಿದ್ದೇನೆ. ಸಹಿಗೆ ಮೊದಲು ಬರೆಯಲು ಧೈರ್ಯ ಸಾಲದ ಇನ್ನೊಂದು ಮಾತಿದೆ. ಗಂಟೆಯ ಜೊತೆ ಮಿನುಗುವ ಕೆಂಪು ದೀಪಗಳನ್ನೂ ಹಾಕೋಣ ಎಂದು ಗಂಟೆ ಕೂರಿಸಲು ಬಂದವರು ಹೇಳಿದ್ದರು. ಒಂದು ದೀಪ ಕಡತದ ಕೋಣೆಯೊಳಗೇ ಬರುತ್ತಿತ್ತು. ಯಾರಿಗಾಗಿ ಎಂದು ಯಾರಾದರೂ ಕೇಳಿಯಾರೆಂದು ಹೆದರಿ ನಾನೇ ಬೇಡವೆಂದೆ. ‘ನಮ್ಮ ಮಹಡಿಯಲ್ಲಿ ಕಿವುಡರು ಯಾರೂ ಇಲ್ಲ’ ಎಂದು ಬರೆದು ಸಹಿ ಹಾಕಿದ್ದೂ ಇದೇ ಕೈ.