ಯಾರ ಒಲೆಗೂ ಸೇರದ ಕುರ್ಚಿ

ಬೆಟಗೇರಿ, ನೆರಳಿನ ಕೆಳಗೇರಿ
ಫೆಬ್ರವರಿ ೩೦, ೨೧೮೭

ಹಿಂದಿನವರೇ,

ಮೇಲಿನ ತಾರೀಖು ನೋಡಿ ಕಾಗದವನ್ನು ಪಕ್ಕಕ್ಕಿಡಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಪಡಿ ಹಂಚುವುದಕ್ಕೆ ಅನುಕೂಲವಾಗಲೆಂದು ಹೀಗೆ ಮಾಡಿದರಂತೆ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟಿದ್ದಾರೆ. ಅವು ಯಾವ ತಿಂಗಳಿಗೂ ಸೇರುವುದಿಲ್ಲ, ಅವಕ್ಕೆ ಪಡಿಯೂ ಇಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕವಿತೆಗಳಿಂದ ಕಲಿತವಳು, ಅಂಗಡಿಯಿಂದ ಅಲ್ಲ. ಹಾಗಾಗಿ ಬೆಳದಿಂಗಳಿಗೆ ನಿಮ್ಮಲ್ಲಿದ್ದ ಹೆಸರುಗಳೆಲ್ಲ ನನಗೆ ಗೊತ್ತು, ಕಾಳು ತರುವ ಚೀಲವನ್ನು ಏನೆಂದು ಕರೆಯುತ್ತಿದ್ದಿರೋ ಗೊತ್ತಿಲ್ಲ.

ಕೂತಲ್ಲಿ ಕೂರಲಾಗದೆ ಬರೆಯುತ್ತಿದ್ದೇನೆ. ಈಗಷ್ಟೇ ಎದ್ದು ಬಾಗಿಲ ಚೌಕಟ್ಟನ್ನು ನೋಡಿ ಬಂದೆ. ಏನೂ ಇಲ್ಲ.

ಚೌಕಟ್ಟಿನ ಮೇಲೆ ನಾವು ನೋಡುವುದು ಅನ್ನದೀಪವನ್ನು. ಹೆಬ್ಬೆರಳಿನಷ್ಟು ಗಾತ್ರದ ಹಳದಿ ಬೆಳಕು ಅದು, ಪ್ರತಿ ಮನೆಯ ಬಾಗಿಲ ಮೇಲೂ ಅದಕ್ಕೊಂದು ಗೂಡಿದೆ. ಸರ್ಕಾರದ ಕಾಳಿಗೆ ಈ ಮನೆ ಅರ್ಹವೆಂದು ತೀರ್ಮಾನವಾದರೆ ದೀಪ ಹೊತ್ತುತ್ತದೆ. ತಿಂಗಳ ಕೊನೆಯ ದಿನ ಸಂಜೆ ಕಾಳಬಂಡಿ ಬರುತ್ತದೆ. ಹೊಡೆಯುವವರಿಲ್ಲದ ಗಿಡ್ಡ ಗಾಡಿ. ಕೊರಳಿಗೆ ಕಟ್ಟಿದಂತೆ ಒಂದು ಗಂಟೆ. ದೀಪವಿದ್ದ ಮನೆಯೆದುರು ನಿಂತು ನವಣೆ, ಸಜ್ಜೆ, ಬೇಳೆ ಸುರಿಯುತ್ತದೆ, ದೀಪವಿಲ್ಲದ ಮನೆಯನ್ನು ಕಾಣದಂತೆ ದಾಟಿ ಹೋಗುತ್ತದೆ. ಅಕ್ಕಿ ನಮಗೆ ಹಬ್ಬದ ಮಾತು. ಇವತ್ತು ತಿಂಗಳ ಕೊನೆ. ಬಂಡಿ ನಮ್ಮ ಗಲ್ಲಿಗೆ ಬರುವುದರೊಳಗೆ ದೀಪ ಹೊತ್ತದಿದ್ದರೆ ಮುಂದಿನ ತಿಂಗಳೂ ನಮಗಿಲ್ಲ.

ನಮ್ಮದು ನೆರಳಿನ ಊರು. ಬಿಸಿಲು ತಡೆಯಲಾರದೆ ಹಿರಿಯರು ಊರಿಗೆ ಊರನ್ನೇ ಚಾವಣಿಯಿಂದ ಮುಚ್ಚಿದರು. ಅದರ ಮೇಲೆ ಉಳ್ಳವರ ತೋಟಗಳು, ಕೆಳಗೆ ನಾವು. ಬೆಳಕು ಜರಡಿಯಿಂದ ಇಳಿದಂತೆ ಇಳಿಯುತ್ತದೆ. ಮರವೆಂಬುದು ಮೇಲಿನವರ ಸ್ವತ್ತು; ಕೆಳಗಿನ ಮನೆಗಳಲ್ಲಿ ಬಾಗಿಲು, ಮಂಚ, ಮಣೆ ಎಲ್ಲವೂ ಒತ್ತಿದ ಹೊಟ್ಟಿನವು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಮನೆಯಲ್ಲಿ ನಾವಿಬ್ಬರು. ನಾನು ನೀಲಾಂಬಿಕಾ, ಮತ್ತು ನನ್ನ ಅತ್ತೆ ಫಕೀರವ್ವ. ನನ್ನ ಗಂಡ ತೀರಿಹೋಗಿ ಬಹಳ ಕಾಲವಾಯಿತು, ನಮ್ಮ ಜಗಳ ಮಾತ್ರ ನಿಂತಿಲ್ಲ. ನನ್ನದು ದನಿಗೆಲಸ. ಪುಸ್ತಕಗಳನ್ನು ಯಂತ್ರಗಳೇ ಓದಿ ಹೇಳುವ ಕಾಲದಲ್ಲೂ ಕೆಲವರಿಗೆ ಮನುಷ್ಯರು ಓದಿದರೇ ಸಮಾಧಾನ, ನಡುವೆ ಕೆಮ್ಮಬೇಕು, ಪುಟ ತಿರುಗಿಸುವಾಗ ತಡವರಿಸಬೇಕು. ಅಂಥವರ ಮನೆಗೆ ಹೋಗಿ ಓದುತ್ತೇನೆ. ಹೋದ ದೀಪಾವಳಿಯ ಹೊತ್ತಿಗೆ ಮೇಲಿನ ತೋಟದ ಒಬ್ಬ ಮುದುಕರು, ಸಾಯುವ ಮುನ್ನ ಒಂದು ಹಳೆಯ ಕಾವ್ಯವನ್ನು ಪೂರ್ತಿ ಕೇಳಬೇಕೆಂದು ನನ್ನನ್ನು ಕರೆಸಿಕೊಂಡರು. ಆ ತಿಂಗಳು ನನ್ನ ಗಳಿಕೆ ಪಡಿಗೆ ಹಾಕಿದ ಗೆರೆ ದಾಟಿತು. ದಾಟಿದ ಕೂಡಲೇ ದೀಪ ತಾನಾಗಿ ಆರಿತು. ಕಾವ್ಯ ಮುಗಿಯುವ ಮೊದಲೇ ಮುದುಕರು ತೀರಿಕೊಂಡರು, ಗಳಿಕೆಯೂ ನಿಂತಿತು. ಆರುವುದಕ್ಕೆ ಒಂದು ತಿಂಗಳ ಸುಖ ಸಾಕಾದ ದೀಪವನ್ನು ಮತ್ತೆ ಹೊತ್ತಿಸಲು ಅರ್ಜಿ ಹಾಕಿ ಕಾಯಬೇಕು, ಅಧಿಕಾರಿ ಮನೆಗೆ ಬಂದು ಕಣ್ಣಾರೆ ನೋಡಬೇಕು ಎಂಬುದು ನಿಯಮ.

ಕವಿತೆಯಲ್ಲಿ ಹಸಿವು ಎಷ್ಟು ದೊಡ್ಡದಾಗಿ ಮಾತಾಡುತ್ತದೆ! ಮನೆಯಲ್ಲಿ ಅದು ಸಣ್ಣ ಸಣ್ಣ ಸುಳ್ಳು ಹೇಳುತ್ತದೆ. ಈ ಚಳಿಗಾಲವೆಲ್ಲ ಅತ್ತೆ ಸಂಜೆಯಾದರೆ, “ಮಾಬೂಬಿ ಮನ್ಯಾಗ ತಿಂದು ಬಂದೇನಿ, ನೀ ಉಣ್ಣು” ಎನ್ನುತ್ತಿದ್ದರು. ನಾನು, “ಓದಾಕ ಹೋದಲ್ಲೆ ಕೊಟ್ರು, ನೀವ ಉಣ್ರಿ” ಎನ್ನುತ್ತಿದ್ದೆ. ಅಂಬಲಿ ನಮ್ಮಿಬ್ಬರ ನಡುವೆ ತಣ್ಣಗಾಗುತ್ತಿತ್ತು. ಪಕ್ಕದ ಮನೆಯ ಮಾಬೂಬಿಯನ್ನು ನಾನೂ ಕೇಳಲಿಲ್ಲ, ಅತ್ತೆಯೂ ನನ್ನನ್ನು ಕೆದಕಲಿಲ್ಲ. ಅತ್ತೆಯ ಬಳೆಗಳು ಈಗ ಮೊಣಕೈವರೆಗೆ ಸರಿಯುತ್ತವೆ.

ಮತ್ತೆ ಎದ್ದು ನೋಡಿದೆ. ಗೂಡು ಕಪ್ಪಗೇ ಇದೆ.

ನಿನ್ನೆ ಬೆಳಿಗ್ಗೆ ಹೊಸ್ತಿಲಬಾಯಿ ಬರುವವಳಿದ್ದಳು. ಮನೆ ಮನೆಗೆ ಬಂದು ಬಡತನವನ್ನು ನೋಡಿ ಹೋಗುವ ಅಧಿಕಾರಿಗೆ ನಮ್ಮ ಗಲ್ಲಿಯವರು ಇಟ್ಟ ಹೆಸರು ಅದು. ಅವಳ ಭುಜದ ಮೇಲೆ ಬಿಲ್ಲೆಯಷ್ಟು ಅಗಲದ ಒಲೆಗಣ್ಣು ಇರುತ್ತದೆ. ಮನೆಯಲ್ಲಿ ಏನೇನಿದೆಯೋ ಅದು ನೋಡುತ್ತದೆ, ಒಗ್ಗರಣೆಯ ವಾಸನೆ ಹಿಡಿಯುತ್ತದೆ, ಕಂಡ ಪ್ರತಿ ವಸ್ತುವನ್ನೂ ಯಾವುದಾದರೊಂದು ಒಲೆಗೆ, ಎಂದರೆ ಒಂದು ಕುಟುಂಬಕ್ಕೆ, ಹಚ್ಚುತ್ತದೆ. ಯಾರೂ ತಮ್ಮದೆನ್ನದ ವಸ್ತು ಆ ಮನೆಯದೇ ಆಗುತ್ತದೆ. ತೀರ್ಮಾನ ಅವಳದಲ್ಲ, ಕಣ್ಣಿನದು.

ಇದನ್ನೆಲ್ಲ ನಾನು ಅತ್ತೆಗೆ ಮೊದಲೇ ತಿಳಿಸಿದ್ದೆ. “ಏನೂ ಮಾಡಬ್ಯಾಡ್ರಿ ಅತ್ತಿ. ಮನಿ ಹೆಂಗೈತಿ ಹಂಗ ಇರಲಿ.”

“ಬಂದವರಿಗೆ ನೀರರ ಕೊಡಬೇಕೋ ಬ್ಯಾಡೋ?”

“ನೀರು ಕೊಡ್ರಿ. ನೀರಷ್ಟ.”

“ಬರೇ ನೀರ ಕೊಡಾಕ ನಾವೇನ ಕೆರಿಯೇನವಾ?” ಎಂದು ಗೊಣಗಿದರು. ಆ ಗೊಣಗಿಗೆ ನಾನು ಹೆದರಬೇಕಿತ್ತು.

ನಮ್ಮ ಗಲ್ಲಿಯಲ್ಲೊಂದು ರೂಢಿ ಇದೆ. ಯಾರ ಮನೆಗೆ ಹೊರಗಿನವರು ಬಂದರೂ ಗಲ್ಲಿಯಲ್ಲಿರುವ ಒಳ್ಳೆಯ ವಸ್ತುಗಳೆಲ್ಲ ಆ ಮನೆ ಸೇರುತ್ತವೆ. ಹೆಣ್ಣು ನೋಡಲು ಬಂದಾಗ, ಸಾವಿಗೆ ಮಾತಾಡಿಸಲು ಬಂದಾಗ, ಯಾವಾಗಲೂ. ಅತಿಥಿಯೆದುರು ಒಂದು ಮನೆಯ ಮಾನ ಹೋದರೆ ಇಡೀ ಗಲ್ಲಿಯ ಮಾನ ಹೋದಂತೆ ಎಂದು ಇವರ ತಿಳಿವಳಿಕೆ. ನಾನು ನೀರಿನ ಸರದಿಗೆ ಹೋಗಿ ಕೊಡ ಹೊತ್ತು ಬರುವಷ್ಟರಲ್ಲಿ ನಮ್ಮ ಮನೆ ಗುರುತು ಸಿಗದಂತಾಗಿತ್ತು. ಮಾಬೂಬಿಯ ಹೂವಿನ ಚಿತ್ತಾರದ ಚಹಾದ ಕಪ್ಪು-ಬಸಿಗಳು ಹಲಗೆ ಮೇಲೆ ಸಾಲಾಗಿದ್ದವು. ಎದುರು ಮನೆಯ ಕಲ್ಲವ್ವ ತಂದ ತುಪ್ಪದಲ್ಲಿ ಅತ್ತೆ ಶಿರಾ ತಿರುವುತ್ತಿದ್ದರು. ನಡುಮನೆಯಲ್ಲಿ ಕುರ್ಚಿ.

ಕುರ್ಚಿ ಎಂದರೆ ಸಾಗವಾನಿ ಮರದ ಕುರ್ಚಿ, ಎರಡು ಕೈಗಳಿರುವಂಥದ್ದು. ನಿಮ್ಮ ಕಾಲದ್ದೇ ಇರಬೇಕು. ಅದನ್ನು ಯಾರು ತಂದರು, ಯಾವಾಗ ತಂದರು ಎಂದು ಬದುಕಿರುವವರಿಗೆ ಗೊತ್ತಿಲ್ಲ. ಅತಿಥಿ ಬಂದ ಮನೆಗೆ ಹೋಗುತ್ತದೆ, ಮುಂದಿನ ಅತಿಥಿ ಬರುವವರೆಗೆ ಅಲ್ಲೇ ಇರುತ್ತದೆ. ಅದರ ಮೇಲೆ ಗಲ್ಲಿಯವರು ಯಾರೂ ಕೂರುವುದಿಲ್ಲ.

“ಅತ್ತೀ, ಏನ ಮಾಡೀರಿ ಇದು!” ಎಂದು ನಾನು ಕೊಡ ಇಳಿಸುವ ಮೊದಲೇ ಬಾಗಿಲಲ್ಲಿ ಹೊಸ್ತಿಲಬಾಯಿ ನಿಂತಿದ್ದಳು. ಮಂದಾಕಿನಿ ಎಂದು ಹೆಸರು ಹೇಳಿಕೊಂಡಳು. ನನಗಿಂತ ಚಿಕ್ಕವಳು, ಬೆಳಗಿನಿಂದ ಹತ್ತಾರು ಮನೆಗಳ ಮೆಟ್ಟಿಲು ಹತ್ತಿಳಿದ ದಣಿವು ಮುಖದಲ್ಲಿತ್ತು. “ಬರ್ರಿ, ಬರ್ರಿ, ಕುಂದರ್ರಿ” ಎಂದು ಅತ್ತೆ ಕುರ್ಚಿ ಮುಂದಕ್ಕೆಳೆದರು. ಅವಳು ಕೂತಳು. ಭುಜದ ಕಣ್ಣು ಸುತ್ತ ನೋಡಲು ಶುರುಮಾಡಿತು.

ಒಂದೊಂದನ್ನೇ ನೋಡಿ ಅದು ಕೇಳಿತು. ಅದರದು ಮಳೆ ಸುದ್ದಿ ಓದುವವರಂಥ ದನಿ. ಕಪ್ಪು-ಬಸಿ ಯಾರ ಒಲೆಯವು? ಬಾಗಿಲಲ್ಲಿ ಇಣುಕುತ್ತಿದ್ದ ಮಾಬೂಬಿ, “ನನ್ನವು ಅದಾವ್ರಿ. ಒಂದು ಒಡದೈತಿ, ಅದನ್ನೂ ಬರ್ಕೋರಿ” ಎಂದಳು. ತುಪ್ಪ ಯಾರದು? “ನಂದ್ರಿ,” ಎಂದಳು ಕಲ್ಲವ್ವ, “ಅದು ತುಪ್ಪ ಅಲ್ರಿ, ತುಪ್ಪದ ನೆನಪು. ಡಬ್ಬಿ ತೊಳದ ತಂದೇನಿ.” ಗಲ್ಲಿ ನಕ್ಕಿತು. ಮಂದಾಕಿನಿಯೂ ಕೆಳದುಟಿ ಕಚ್ಚಿಕೊಂಡಳು. ಸಣ್ಣ ವಸ್ತುಗಳಿಗೆ ಸಣ್ಣ ತೂಕ, ಅವುಗಳಿಂದ ಯಾರ ದೀಪವೂ ಆರುವುದಿಲ್ಲ.

ಆಮೇಲೆ ಅದು ಕುರ್ಚಿಯ ಮಾತು ತೆಗೆಯಿತು. ಮರದ ವಸ್ತು, ಯಾರ ಒಲೆಯದು?

ನಗು ನಿಂತಿತು. ಬಾಗಿಲಲ್ಲಿದ್ದ ಎಲ್ಲರ ಮನೆಯ ಮೇಲೂ ಒಂದೊಂದು ಹಳದಿ ದೀಪವಿದೆ, ಮರದ ಕುರ್ಚಿ ಇರುವ ಮನೆಯ ದೀಪ ಅವತ್ತೇ ಆರುತ್ತದೆ. ಮಾಬೂಬಿ ನೆಲ ನೋಡಿದಳು. ಕಲ್ಲವ್ವನ ಗಂಡ ಅಡಿವೆಪ್ಪ, “ಅದು ಗಲ್ಲೀದ್ರಿ. ಹಂಗ ನೋಡಿದ್ರ ಯಾರದೂ ಅಲ್ಲ” ಎಂದ. ಗಲ್ಲಿ ಎಂಬ ಒಲೆ ಇಲ್ಲ ಎಂದಿತು ಕಣ್ಣು. ನಾನು ಯಾರನ್ನೂ ನೋಡಲಾರದೆ ಒಲೆಯ ಕಡೆ ತಿರುಗಿದೆ. ನಮ್ಮದಲ್ಲ ಎಂದರೆ ಯಾರದೆಂದು ಹೇಳಬೇಕು, ಸುಮ್ಮನಿದ್ದರೆ ನಮ್ಮದೇ ಆಗುತ್ತದೆ.

ಅತ್ತೆ ಸೆರಗು ಸರಿಮಾಡಿಕೊಂಡರು. “ನಮ್ಮದ ಐತಿ, ಬರ್ಕೋರಿ” ಎಂದರು. “ನೀಲವ್ವಾ, ಮಾರಿ ಯಾಕ ಸಣ್ಣ ಮಾಡ್ತಿ? ಬಂದವರನ್ನ ಕುಂದ್ರಸಿದವರು ನಾವು. ಹೇಳಾಕ ನಾಚಿಕಿ ಯಾಕ?”

ಆಗ ಮಂದಾಕಿನಿ ಕುರ್ಚಿಯಿಂದ ಎದ್ದಳು. ಅಷ್ಟು ಹೊತ್ತೂ ಅದರ ಮೇಲೇ ಕೂತಿದ್ದಳಲ್ಲವೇ, ಏಳುವಾಗ ಸುಟ್ಟುಕೊಂಡವಳಂತೆ ಎದ್ದಳು. ಅತ್ತೆಯ ಮಾತು ದಾಖಲಾಗುವ ಮೊದಲೇ ಭುಜದ ಕಣ್ಣನ್ನು ಮುಟ್ಟಿ, “ಕುರ್ಚಿ ಮಂದಾಕಿನಿಯ ಒಲೆಗೆ ಸೇರಿದ್ದು” ಎಂದಳು. ಕಣ್ಣು ಅವಳನ್ನೇ ಕೇಳಿತು. ನಿಮ್ಮ ವಸ್ತು ಇಲ್ಲೇಕಿದೆ? “ಕುಂದ್ರಾಕ ತಂದಿದ್ದೆ,” ಎಂದಳು ಅವಳು. “ದಿನಾ ಅಡ್ಯಾಡಿ ಕಾಲು ನೋಯ್ತಾವು.” ಹಾಗಾದರೆ ಹೋಗುವಾಗ ಕೊಂಡೊಯ್ಯಬೇಕು ಎಂದಿತು ಕಣ್ಣು.

ಅವಳು ಕುರ್ಚಿಯನ್ನು ತಲೆಕೆಳಗು ಮಾಡಿ ತಲೆಯ ಮೇಲಿಟ್ಟುಕೊಂಡಳು. ನಾಲ್ಕು ಕಾಲು ಮೇಲಕ್ಕೆ, ಅವುಗಳ ಕೆಳಗೆ ಅವಳ ಮುಖ. ಅಡಿವೆಪ್ಪ ಕೈ ಕೊಡಲು ಹೋದವನು ಕಣ್ಣಿನ ನೆನಪಾಗಿ ಹಿಂದೆ ಸರಿದ. ಬಾಯಿ ಬಿಟ್ಟವರು ಅತ್ತೆ ಒಬ್ಬರೇ. “ಹಂಗ ಹೊಂಟ್ರ ಹೆಂಗ್ರಿ? ಶಿರಾ?”

ಅರ್ಜಿ ಹಾಕಿದ ಮನೆಯಲ್ಲಿ ಅವಳು ಏನೂ ತಿನ್ನುವಂತಿಲ್ಲ, ತಿಂದರೆ ತಪಾಸಣೆಯೇ ರದ್ದಾಗುತ್ತದೆ, ಅವಳ ಕೆಲಸವೂ ಹೋಗುತ್ತದೆ. “ಬ್ಯಾಡ್ರಿ ಅವ್ವಾ, ಕೈ ಖಾಲಿ ಇಲ್ಲ” ಎಂದಳು. ಅತ್ತೆ ಎರಡು ಬೆರಳಲ್ಲಿ ಒಂದು ತುತ್ತು ಎತ್ತಿ, ಕುರ್ಚಿಯ ಕೈಗಳ ನಡುವೆ ನುಗ್ಗಿ, ಅವಳ ಬಾಯಿಗೇ ಇಟ್ಟರು. ಅವಳು ಕಣ್ಣು ಮುಚ್ಚಿ ನುಂಗಿದಳು. ಹಾಗೇ ಗಲ್ಲಿಯಲ್ಲಿ ನಡೆದು ಹೋದಳು. ತಿರುವಿನಲ್ಲಿ ಕುರ್ಚಿಯ ಒಂದು ಕಾಲು ಗೋಡೆಗೆ ತಾಗಿದ ಸದ್ದು ಬಂತು, ಆಮೇಲೆ ಅದೂ ಇಲ್ಲ.

ಭುಜದ ಕಣ್ಣು ಆ ತುತ್ತನ್ನು ಕಂಡಿತೋ ಇಲ್ಲವೋ? ನಿನ್ನೆಯಿಂದ ನನ್ನನ್ನು ತಿನ್ನುತ್ತಿರುವುದು ಇದೇ. ಕುರ್ಚಿಯ ಕೈ ಅಡ್ಡ ಬಂದಿತ್ತು ಎಂದು ಮಾಬೂಬಿ ಆಣೆ ಮಾಡುತ್ತಾಳೆ. ಇಲ್ಲ, ತುತ್ತು ನೇರ ಕಣ್ಣಿನ ಎದುರಿಗೇ ಇತ್ತು ಎಂದು ಕಲ್ಲವ್ವನಿಗೆ ಅನುಮಾನ. ನಾನು ರಾತ್ರಿಯಿಡೀ ಮನಸ್ಸಿನಲ್ಲಿ ಆ ಕುರ್ಚಿಯನ್ನು ಅತ್ತ ಇತ್ತ ತಿರುಗಿಸಿ ನೋಡಿದ್ದೇನೆ. ಅವಳ ಕೆಲಸ ಹೋದರೆ ಅವಳ ಬಾಗಿಲಿಗೂ ಇನ್ನೊಬ್ಬ ಹೊಸ್ತಿಲಬಾಯಿ ಬರುತ್ತಾಳೆ, ಅಲ್ಲಿ ಮರದ ಕುರ್ಚಿಯನ್ನು ಕಾಣುತ್ತಾಳೆ. ಆಗ ಮಂದಾಕಿನಿ ಅದನ್ನು ಯಾರದೆಂದು ಹೇಳಿಯಾಳು?

ಅತ್ತೆಯ ಮೇಲೆ ಸಿಟ್ಟು ಬರುತ್ತದೆ, ಬಂದಷ್ಟೇ ಬೇಗ ಇಳಿಯುತ್ತದೆ. ಅವರು ಸುಳ್ಳು ಹೇಳಿ ಬಡವರಾಗಲಿಲ್ಲ, ಸುಳ್ಳು ಹೇಳಿ ಉಳ್ಳವರಾಗಲು ಹೊರಟರು. ಅದನ್ನು ಮೋಸವೆನ್ನಬೇಕೋ ಮರ್ಯಾದೆಯೆನ್ನಬೇಕೋ ಎಂದು ತಿಳಿಯುವ ಕಣ್ಣನ್ನು ಯಾರೂ ಇನ್ನೂ ಮಾಡಿಲ್ಲ.

ಗಂಟೆ ಕೇಳುತ್ತಿದೆ. ಬಂಡಿ ತಿರುವಿನಲ್ಲಿದೆ. ನಾನು ಏಳುವುದಿಲ್ಲ, ಎದ್ದರೆ ಏನಾದರೂ ಕೆಡುತ್ತದೆ ಎಂಬ ಹುಚ್ಚು ಹಿಡಿದಿದೆ. ಮಾಬೂಬಿಯ ಮನೆಯೆದುರು ನಿಂತಿತು, ಕಾಳು ಸುರಿದ ಸದ್ದು. ಮತ್ತೆ ಹೊರಟಿತು. ನಮ್ಮ ಗೋಡೆಯ ಪಕ್ಕ ಬರುತ್ತಿದೆ. ಈ ಚಳಿಗಾಲದಲ್ಲಿ ಗಂಟೆ ನಮ್ಮ ಬಾಗಿಲ ಮುಂದೆ ತಪ್ಪಿಯೂ ತಡೆದದ್ದಿಲ್ಲ.

ನಿಂತಿತು.

ಇಷ್ಟು ಬರೆದು ಹೊರಗೆ ಓಡಿದೆ, ಈಗ ಬಂದು ಕೂತಿದ್ದೇನೆ. ದೀಪ ಹೊತ್ತಿದೆ. ನವಣೆ ಹೊಸ್ತಿಲ ಮೇಲೆಲ್ಲ ಚೆಲ್ಲಿದೆ, ಅತ್ತೆ ಒಂದೊಂದೇ ಕಾಳು ಆರಿಸುತ್ತಿದ್ದಾರೆ. ಸಂತೋಷದ ಮಾತು ಬರುತ್ತದೆಂದು ಕಾದೆ. ಅವರು ತಲೆಯೆತ್ತಿ ನಡುಮನೆಯಲ್ಲಿ ಕುರ್ಚಿಯಿದ್ದ ಖಾಲಿ ಜಾಗ ನೋಡಿದರು. “ಕಾಳು ಬಂತವಾ,” ಎಂದರು, “ಇನ್ನ ಬಂದವರನ್ನ ಎಲ್ಲಿ ಕುಂದ್ರಸೂದು?”

ಹಿಂದಿನವರೇ, ನಮ್ಮ ಒಲೆಗಣ್ಣು ಆಕಾಶದಿಂದ ಬಿದ್ದದ್ದಲ್ಲ. ನಿಮ್ಮ ಕಾಲದಲ್ಲಿ ಮನೆ ಮನೆಗೆ ಹೋಗಿ ಏನಿದೆ, ಏನಿಲ್ಲ ಎಂದು ಕೇಳುತ್ತಿದ್ದರಲ್ಲ, ಆ ಪ್ರಶ್ನೆಗಳನ್ನೇ ಅದು ಬಾಯಿಪಾಠ ಮಾಡಿಕೊಂಡಿದೆ. ನಿಮ್ಮಲ್ಲಿ ಇನ್ನೂ ಮನುಷ್ಯರು ಕೂತು ಆ ಪ್ರಶ್ನೆಗಳನ್ನು ಬರೆಯುತ್ತಿರಬೇಕು, ಅವರಲ್ಲಿ ಕೆಲವರಾದರೂ ನಿಮ್ಮ ಪರಿಚಯದವರಿರಬೇಕು. ಅವರಿಗೆ ಹೇಳಿ: ಮನೆಯಲ್ಲಿರುವುದನ್ನೆಲ್ಲ ಬರೆದುಕೊಳ್ಳಲಿ, ತಾವು ಕೂತ ಕುರ್ಚಿಯೊಂದನ್ನು ಬಿಟ್ಟು.

ಇನ್ನು ನಿಲ್ಲಿಸುತ್ತೇನೆ. ಒಲೆಯ ಮೇಲೆ ನವಣೆ ಬೇಯುತ್ತಿದೆ. ಅತ್ತೆ ಒಂದು ಹಿಡಿ ಹೆಚ್ಚಿಗೆ ಹಾಕಿದ್ದನ್ನು ಕಂಡೆ, ಯಾರಿಗೆಂದು ಕೇಳಲಿಲ್ಲ.

ನೀಲಾಂಬಿಕಾ