ಹಸಿದ ಇಲಿಯ ರಕ್ತ

ಅಪ್ಪ,

ಇವತ್ತು ಲ್ಯಾಬಿನಲ್ಲಿ ಒಂದು ಇಲಿಯ ಮೇಲೆ ಸಿಟ್ಟು ಬಂತು. ತಿಂಗಳುಗಟ್ಟಲೆ ನಾವು ಸಕ್ಕರೆ ನೀರು ಕುಡಿಸಿ ಕೊಬ್ಬಿಸಿದ ಇಲಿ. ರಾತ್ರಿಯಿಡೀ ಉಪವಾಸ ಕೆಡವಿ, ಬೆಳಿಗ್ಗೆ ಬಾಲದ ತುದಿಯಿಂದ ರಕ್ತ ತೆಗೆದರೆ ಶುಗರ್ ಸರಿಯಾಗಿಯೇ ಇತ್ತು. ಜೊತೆಗೆ ಕೆಲಸ ಮಾಡುವ ಕಲ್ಪನಾ, "ಇದ್ಕೇನೂ ಆಗಿಲ್ಲ ಬುಡಕ್ಕಾ" ಅಂದಳು. ಹಿಂದಿನ ವಾರಗಳ ಸರಾಸರಿ ತೋರಿಸುವ ಇನ್ನೊಂದು ಪರೀಕ್ಷೆ ಮಾಡಿದೆ. ಶುಗರ್ ವಾರಗಟ್ಟಲೆ ಏರಿಯೇ ಇತ್ತೆಂದು ಅದೇ ರಕ್ತ ಬಾಯಿಬಿಟ್ಟಿತು.

"ಯಾರನ್ನ ಏಮಾರಿಸ್ತಿದ್ದೀಯಾ?" ಎಂದು ಬೋನಿನ ಮುಂದೆ ಕೂಗಿಬಿಟ್ಟೆ. ಕಲ್ಪನಾ ಬೆಚ್ಚಿಬಿದ್ದಳು.

ನೀನು ಮಾಡಿದ್ದೂ ಇದೇ ಅಲ್ಲವೇ? ಹೊಸೂರಿನ ಡಾಕ್ಟರ ಹತ್ತಿರ ಹೋಗುವ ಮುಂಚೆ ಎರಡು ದಿನ ಬರೀ ಮಜ್ಜಿಗೆ. ವಾಪಸ್ಸು ನಮ್ಮ ಬಾಗಲೂರಿನಲ್ಲಿ ಬಸ್ಸಿಳಿದವನೇ, "ನಾರ್ಮಲ್ ಕಣಮ್ಮಿ, ಡಾಕ್ಟ್ರೇ ಭೇಷ್ ಅಂದ್ರು" ಎಂದು ಬೀಗುತ್ತಾ ಜಿಲೇಬಿ ಪೊಟ್ಟಣ ಬಿಚ್ಚುತ್ತಿದ್ದೆ. ನನಗೂ ಒಂದು ಕೊಡುತ್ತಿದ್ದೆ. ಡಾಕ್ಟರು ನಿನ್ನನ್ನು ನಂಬಿ ಶುಗರ್ ಮಾತ್ರೆ ಕಡಿಮೆ ಮಾಡಿದರು. ಕಿಡ್ನಿ ಹೋಯಿತು, ನೀನೂ ಹೋದೆ. ಪ್ರತಿ ಪರೀಕ್ಷೆಯಲ್ಲೂ ಪಾಸಾಗಿ ಸತ್ತೆಯಲ್ಲ, ಯಾರಿಗೆ ತೋರಿಸಬೇಕಿತ್ತು ಆ ಪಾಸು?

ಆ ಇಲಿಗೆ ಮೋಸ ಗೊತ್ತಿಲ್ಲ, ಅಪ್ಪ. ಅದರ ಮುಂದಿದ್ದ ತಿಂಡಿಯನ್ನು ನಾನೇ ಕಿತ್ತುಕೊಂಡಿದ್ದೆ. ಇಲಿಯ ಬಾಯಿಂದ ಕಿತ್ತುಕೊಳ್ಳಲು ನನಗೆ ಚೆನ್ನಾಗಿ ಬರುತ್ತದೆ. ನಿನ್ನ ಕೈಯಿಂದ ಮಾತ್ರ ಜಿಲೇಬಿ ತೆಗೆದುಕೊಂಡು ತಿಂದೆ.